ಸೆಸ್ನಾ 150: ಲಾಗ್‌ಬುಕ್ಕಿನಲ್ಲಿ ರಡ್ಡರ್ ಎಡಿ ಮುಗಿದಿದೆ ಅಂತಿದೆ, ಏನು ಮಾಡಿದ್ದಾರೆ ಅಂತ ಮಾತ್ರ ಬರೆದಿಲ್ಲ

ಹಾರುವಹುಚ್ಚ_ಟೆಕ್ಸಾಸ್

ಎಲ್ಲರಿಗೂ ನಮಸ್ಕಾರ. ನಾವು ಮೂರು ಜನ ಸೇರಿ 1976ರ ಸೆಸ್ನಾ 150ಎಂ (ಎರಡು ಸೀಟಿನ ಪುಟ್ಟ ವಿಮಾನ) ಒಂದನ್ನು ತಗೊಂಡಿದ್ದೇವೆ. ಎಂಜಿನ್ ಚೆನ್ನಾಗಿದೆ, ಬಾಡಿಯಲ್ಲಿ ತುಕ್ಕು ಇಲ್ಲ. ನನಗೆ ಇನ್‌ಸ್ಟ್ರಕ್ಟರ್ ಆಗಬೇಕು ಅಂತ ಆಸೆ. ಅದಕ್ಕೆ ಸ್ಪಿನ್ (ವಿಮಾನ ಗಿರಗಿರ ಸುತ್ತುತ್ತಾ ಕೆಳಗೆ ಬೀಳುವುದು) ಟ್ರೈನಿಂಗ್ ಆಗಿ, ಅದರ ಸಹಿ ಲಾಗ್‌ಬುಕ್ಕಿಗೆ ಬೀಳಬೇಕು. ಸ್ವಂತ ವಿಮಾನ ಇರುವಾಗ ಬಾಡಿಗೆ ವಿಮಾನಕ್ಕೆ ಯಾಕೆ ದುಡ್ಡು ಸುರಿಯುವುದು ಅಂತ ನಮ್ಮದರಲ್ಲೇ ಮಾಡೋಣ ಅಂದುಕೊಂಡೆ.

ಈಗ ತೊಂದರೆ ಇದು. ಹಳೇ ಲಾಗ್‌ಬುಕ್ಕಿನಲ್ಲಿ ರಡ್ಡರ್ (ಮೂಗನ್ನು ಎಡ ಬಲ ತಿರುಗಿಸುವ ಬಾಲದ ಹಲಗೆ) ಬಗೆಗಿನ ಎಡಿಗೆ (ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಹೊರಡಿಸುವ ಕಡ್ಡಾಯ ಸುರಕ್ಷತಾ ಆದೇಶ) ‘ಎಡಿ 2009-10-09 ಪಾಲಿಸಲಾಗಿದೆ’ ಅಂತ ಒಂದೇ ಸಾಲು ಇದೆ. ಕೆಳಗೆ ಸಹಿ. ಇಷ್ಟೇ. ಪ್ಯಾನೆಲ್ ಮೇಲೆ ಸ್ಪಿನ್ ಮಾಡಬಾರದು ಅನ್ನುವ ಫಲಕ ಎಲ್ಲೂ ಇಲ್ಲ. ಹಿಂದಿನ ಮಾಲೀಕರು ಪ್ಯಾನೆಲ್ಲಿನ ಪ್ಲಾಸ್ಟಿಕ್ ಹೊದಿಕೆ ಪೂರ್ತಿ ಬದಲಾಯಿಸಿದ್ದಾರೆ. ಸಹಿ ಹಾಕಿದ ವರ್ಕ್‌ಶಾಪ್ ಮುಚ್ಚಿ ಹೋಗಿದೆ.

ಇನ್ನೊಂದು ವಿಷಯ. ವಾಕ್‌ಅರೌಂಡ್ (ಹಾರುವ ಮುಂಚೆ ವಿಮಾನ ಸುತ್ತಿ ನೋಡುವುದು) ಮಾಡುವಾಗ ರಡ್ಡರನ್ನು ಕೈಯಿಂದ ಎಡಕ್ಕೆ ತಳ್ಳಿದರೆ ಕೊನೆಯಲ್ಲಿ ‘ಟಕ್’ ಅಂತ ಲೋಹದ ಸದ್ದು ಬರುತ್ತದೆ. ಬಲಕ್ಕೆ ತಳ್ಳಿದರೆ ‘ದುಬ್’ ಅಂತ ಮೆತ್ತಗೆ ನಿಲ್ಲುತ್ತದೆ. ಇದು ಮಾಮೂಲಾ? ಫಲಕ ಇಲ್ಲ ಅಂದರೆ ರಡ್ಡರಿನ ಹೊಸ ಭಾಗಗಳ ಕಿಟ್ ಹಾಕಿದ್ದಾರೆ ಅಂತಲೇ ಅರ್ಥ ಅಲ್ವಾ? ಸ್ಪಿನ್ ಮಾಡಬಹುದಾ?

ರೆಂಚು_ಭಟ್ಟ

ಮೊದಲು ಉತ್ತರ, ಆಮೇಲೆ ವಿವರ. ಸ್ಪಿನ್ ಬೇಡ. ಫಲಕ ಇಲ್ಲ ಅನ್ನುವುದು ಕಿಟ್ ಇದೆ ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ.

ಈ ಎಡಿ ಪಾಲಿಸಲು ಎರಡು ದಾರಿ ಇವೆ. ಒಂದು, ಸ್ಪಿನ್ ಮತ್ತು ಬೇರೆ ಕಸರತ್ತು ನಿಷೇಧ ಅನ್ನುವ ಫಲಕ ಅಂಟಿಸುವುದು. ಇನ್ನೊಂದು, ರಡ್ಡರ್ ಸ್ಟಾಪ್ (ರಡ್ಡರ್ ಮಿತಿ ಮೀರಿ ತಿರುಗದ ಹಾಗೆ ತಡೆಯುವ ಭಾಗ), ಅದಕ್ಕೆ ಬಡಿಯುವ ಬಂಪರ್ ತಟ್ಟೆ, ಜೋಡಿಸುವ ಬೋಲ್ಟ್ ಗೀಲ್ಟ್ ಎಲ್ಲ ತೆಗೆದು ಸೆಸ್ನಾದ ಹೊಸ ಕಿಟ್ ಹಾಕುವುದು. ನಿಮ್ಮ ಲಾಗ್‌ಬುಕ್ಕಿನ ಸಾಲು ಎರಡಕ್ಕೂ ಹೊಂದುತ್ತದೆ. ಅದೇ ತಲೆನೋವು. ಅಮೆರಿಕದ ವಿಮಾನಯಾನ ನಿಯಮ 91.417 ಪ್ರಕಾರ ಎಡಿ ನಂಬರ್ ಜೊತೆ ಯಾವ ವಿಧಾನದಲ್ಲಿ ಪಾಲಿಸಿದರು ಅನ್ನುವುದೂ ದಾಖಲೆಯಲ್ಲಿ ಇರಲೇಬೇಕು. ‘ಪಾಲಿಸಲಾಗಿದೆ’ ಅಂತ ಗೀಚಿ ಕೈ ತೊಳೆದುಕೊಳ್ಳುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಪುಸ್ತಕ ಬಿಡಿ, ವಿಮಾನ ನೋಡಿ. ರಡ್ಡರಿನ ಬುಡದಲ್ಲಿ ಕೇಬಲ್ ಬಂದು ಸೇರುವ ಹಾರ್ನ್ ಅನ್ನುವ ತೋಳು ಇದೆ. ಅದು ತಿರುಗಿ ಬಂದು ನಿಲ್ಲುವ ಕಡೆ ಎರಡೂ ಪಕ್ಕ ಸ್ಟಾಪ್ ಬೋಲ್ಟ್ ಇವೆ. ಟಾರ್ಚ್ ಹಿಡಿದು ಮಂಡಿಯೂರಿ ಆ ಬೋಲ್ಟ್‌ಗಳನ್ನು ನೋಡಿ. ಬೋಲ್ಟ್ ಅಲುಗದ ಹಾಗೆ ಏನು ಹಾಕಿದ್ದಾರೆ? ಹಳೇ ವ್ಯವಸ್ಥೆಯಲ್ಲಿ ತಿರುಚಿದ ಸೇಫ್ಟಿ ವೈರ್ ಇರುತ್ತದೆ. ಎಡಿ ಪ್ರಕಾರ ಮಾರ್ಪಾಡು ಮಾಡಿದ್ದರೆ ವೈರ್ ಹೋಗಿ ಅದರ ಜಾಗದಲ್ಲಿ ಜ್ಯಾಮ್ ನಟ್ ಬಂದಿರಬೇಕು. ಫೋಟೋ ಹಾಕಿ.

ಹಾಂ, ರಡ್ಡರನ್ನು ಕೈಯಿಂದ ಜೋರಾಗಿ ತಳ್ಳಬೇಡಿ. ನೆಲದ ಮೇಲೆ ಮೂಗಿನ ಚಕ್ರದ ಸ್ಟೀರಿಂಗ್ ಸ್ಪ್ರಿಂಗ್ ಎದುರು ನಿಲ್ಲುತ್ತದೆ. ಅದಕ್ಕೆ ಸಿಟ್ಟು ಬಂದು ಎಳೆದಾಡುವವರಿದ್ದಾರೆ. ಸ್ಟಾಪಿನ ತನಕ ತಿರುಗಿಸಬೇಕಾದರೆ ಮೆಕ್ಯಾನಿಕ್ ಜೊತೆ ನಿಂತು ನಿಧಾನವಾಗಿ ಮಾಡಿ.

ಹಾರುವಹುಚ್ಚ_ಟೆಕ್ಸಾಸ್

ಭಟ್ರೇ, ಥ್ಯಾಂಕ್ಸ್. ಫೋಟೋ ಹಾಕಿದ್ದೇನೆ. ಎರಡೂ ಬೋಲ್ಟಿಗೆ ವೈರ್ ಸುತ್ತಿದೆ. ನಟ್ ಕಾಣಿಸಲಿಲ್ಲ. ಒಂದು ಕಡೆಯ ಬಂಪರ್ ಅಂಚಿನಲ್ಲಿ ಬಣ್ಣ ಎದ್ದು ಲೋಹ ಪಳಪಳ ಅಂತಿದೆ. ಅಲ್ಲಿ ಬೋಲ್ಟಿನ ತಲೆ ಬಂಪರಿನ ಮಧ್ಯಕ್ಕೆ ಬಡಿಯದೆ ಅಂಚಿಗೆ ಬಡಿಯುತ್ತಿದೆ ಅನ್ನಿಸುತ್ತದೆ. ಹಳೇ ಪ್ಯಾನೆಲ್ ಹೊದಿಕೆ ಹ್ಯಾಂಗರ್‌ನ ಅಟ್ಟದ ಮೇಲೆ ಸಿಕ್ಕಿತು. ಅದರ ಎಡ ಮೇಲ್ಭಾಗದಲ್ಲಿ ಫಲಕ ಹಾಗೇ ಅಂಟಿಕೊಂಡಿದೆ!

ರೆಂಚು_ಭಟ್ಟ

ಹಾಗಾದರೆ ಕಥೆ ಸ್ಪಷ್ಟ. ಕಿಟ್ ಯಾವತ್ತೂ ಹಾಕಿಲ್ಲ. ಫಲಕ ಅಂಟಿಸಿ ಎಡಿ ಮುಗಿಸಿದ್ದರು. ಆಮೇಲೆ ಯಾರೋ ಪ್ಯಾನೆಲ್ ಚಂದ ಮಾಡಲು ಹೋಗಿ ಫಲಕವನ್ನೂ ಕಿತ್ತು ಅಟ್ಟಕ್ಕೆ ಹಾಕಿದ್ದಾರೆ.

ಇಲ್ಲಿ ಬಹಳ ಜನ ಎಡವುವ ವಿಷಯ ಒಂದಿದೆ. ‘ನಾನು ಸ್ಪಿನ್ ಮಾಡುವುದಿಲ್ಲ, ಹಾಗಾಗಿ ನನಗೆ ಇದು ಸಂಬಂಧ ಇಲ್ಲ’ ಅನ್ನುತ್ತಾರೆ. ತಪ್ಪು. ಫಲಕವೇ ಇಲ್ಲಿ ಪಾಲನೆ. ಫಲಕ ಹೋದರೆ ಪಾಲನೆಯೂ ಹೋಯಿತು. ಎಡಿ ಜಾರಿಗೆ ಬಂದದ್ದು 2009ರ ಜೂನ್ 17ಕ್ಕೆ. ಕೊಟ್ಟ ಗಡುವು 100 ಗಂಟೆ ಹಾರಾಟ ಅಥವಾ 12 ತಿಂಗಳು, ಯಾವುದು ಮೊದಲೋ ಅದು. ಆ ಗಡುವು ಮುಗಿದು ಎಷ್ಟೋ ಕಾಲ ಆಯಿತು. ಅಂದರೆ ಈಗ ನಿಮ್ಮ ವಿಮಾನ ಸುಮ್ನೆ ನೆಟ್ಟಗೆ ಹಾರಿದರೂ ನಿಯಮ 39.7 ಮುರಿದ ಹಾಗೆ. ಎಡಿಗಳನ್ನು ಪಾಲಿಸಿ ವಿಮಾನವನ್ನು ಹಾರಾಟಕ್ಕೆ ಯೋಗ್ಯವಾಗಿ ಇಡುವ ಮೊದಲ ಹೊಣೆ 91.403ರ ಪ್ರಕಾರ ಮಾಲೀಕ ಅಥವಾ ಆಪರೇಟರ್‌ದು. ಸಹಿ ಹಾಕಿ ಅಂಗಡಿ ಮುಚ್ಚಿದವರದ್ದಲ್ಲ.

ರಿಪೇರಿಗೆ ಬೇರೆ ಊರಿಗೆ ಹಾರಿಸಿಕೊಂಡು ಹೋಗುತ್ತೇನೆ ಅಂತಲೂ ಹೊರಡಬೇಡಿ. ಅದಕ್ಕೆ ವಿಶೇಷ ಹಾರಾಟ ಅನುಮತಿ ಬೇಕು. ಮೆಕ್ಯಾನಿಕ್ಕನ್ನೇ ಹ್ಯಾಂಗರ್‌ಗೆ ಕರೆಸಿ. ಫಲಕದ ವಾಕ್ಯ ಎಡಿಯಲ್ಲಿ ಇರುವ ಹಾಗೇ, ಒಂದಕ್ಷರ ಬದಲಾಗದೆ, ಪೈಲಟ್ ಕಣ್ಣಿಗೆ ಎದುರಾಗಿ ಇರಬೇಕು.

ಆ ಅಂಚು ಸವೆದ ಬಂಪರ್ ಮಾತ್ರ ನನಗೆ ಫಲಕಕ್ಕಿಂತ ಜಾಸ್ತಿ ಚಿಂತೆ ಕೊಡುತ್ತಿದೆ. ಅದನ್ನು ಸರಿ ಮಾಡದೆ ಫಲಕ ಅಂಟಿಸಿ ಹಾರಬೇಡಿ.

ಕ್ರಾಸ್‌ವಿಂಡ್_ಕಾವ್ಯ

ಭಟ್ರೇ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾನು ಬೆಂಗಳೂರಿನಲ್ಲಿ ಸೆಸ್ನಾ 152ರಲ್ಲಿ (150ರ ನಂತರದ ಮಾದರಿ) ಕಲಿಯುತ್ತಿದ್ದೇನೆ. ಅಷ್ಟಕ್ಕೂ ಆ ಅಂಚಿನಲ್ಲಿ ಏನಾಗುತ್ತದೆ? ಸ್ಟಾಪ್ ಅಂದಮೇಲೆ ನಿಲ್ಲಿಸಬೇಕಲ್ವಾ? ಮತ್ತೆ ಅಮೆರಿಕದ ಎಡಿ ನಮ್ಮ ದೇಶದಲ್ಲಿ ನಡೆಯುತ್ತದಾ?

ರೆಂಚು_ಭಟ್ಟ

ಒಳ್ಳೇ ಪ್ರಶ್ನೆ ಮೇಡಂ.

ಗೇಟು ತೆರೆದಾಗ ಗೋಡೆಗೆ ಬಡಿಯದಿರಲಿ ಅಂತ ನೆಲದಲ್ಲಿ ಕಲ್ಲು ಹುಗಿದಿರುತ್ತೇವೆ. ಗೇಟು ಜೋತು ಬಿದ್ದು ಕಲ್ಲು ಸವೆದಿದ್ದರೆ, ಜೋರಾಗಿ ತಳ್ಳಿದಾಗ ಗೇಟು ಕಲ್ಲು ದಾಟಿ ಆಚೆ ಹೋಗಿ ಕೂರುತ್ತದೆ. ಎಳೆದರೆ ಬರುವುದಿಲ್ಲ. ಇಲ್ಲೂ ಅದೇ ಕಥೆ. ಪೂರ್ತಿ ಪೆಡಲ್ ಒತ್ತಿದಾಗ ಹಾರ್ನ್ ಮೇಲಿನ ಬಂಪರ್ ತಟ್ಟೆ ಸ್ಟಾಪ್ ಬೋಲ್ಟಿನ ತಲೆಯನ್ನು ದಾಟಿ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ರಡ್ಡರ್ ಅಲ್ಲೇ ಬೀಗ ಬಿದ್ದ ಹಾಗೆ. 152ರಲ್ಲಿ ಹಿಂಜ್ ರೇಖೆಗೆ (ರಡ್ಡರ್ ತಿರುಗುವ ಕೀಲಿನ ಗೆರೆ) ಲಂಬವಾಗಿ ಅಳೆದರೆ ರಡ್ಡರ್ ತಿರುಗಬೇಕಾದದ್ದು 23 ಡಿಗ್ರಿ. ಅದನ್ನು ಮೀರಿದರೆ ರಡ್ಡರ್ ಹೋಗಿ ಎಲಿವೇಟರ್‌ಗೆ (ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಹಲಗೆ) ತಾಗುವ ಅಪಾಯವನ್ನೂ ಎಡಿ ಹೇಳುತ್ತದೆ.

ಇದು ಸ್ಪಿನ್‌ನಲ್ಲೇ ಯಾಕೆ ಮುಖ್ಯ? ಸ್ಪಿನ್‌ಗೆ ಹೋಗುವುದೇ ರಡ್ಡರನ್ನು ಪೂರ್ತಿ ಒತ್ತಿ. ಹೊರಗೆ ಬರಲು ಪವರ್ ತೆಗೆದು, ಏಲೆರಾನ್ (ರೆಕ್ಕೆ ಓರೆ ಮಾಡುವ ಹಲಗೆ) ನೇರ ಮಾಡಿ, ಎದುರು ದಿಕ್ಕಿಗೆ ಪೂರ್ತಿ ರಡ್ಡರ್ ಕೊಟ್ಟು, ಆಮೇಲೆ ಯೋಕ್ (ಪೈಲಟ್ ಕೈಯಲ್ಲಿ ಹಿಡಿಯುವ ಸ್ಟೀರಿಂಗ್) ಮುಂದಕ್ಕೆ. ಎಡಕ್ಕೆ ಒತ್ತಿದ ರಡ್ಡರ್ ಎಡದಲ್ಲೇ ಸಿಕ್ಕಿಕೊಂಡರೆ ಮೂರನೇ ಹೆಜ್ಜೆಯಲ್ಲೇ ಎಲ್ಲ ನಿಂತುಹೋಯಿತು. ಬಲ ಪೆಡಲ್ ಮೇಲೆ ನಿಂತರೂ ಅದು ಬಿಡುವುದಿಲ್ಲ. 1998ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಒಂದು ತರಬೇತಿ 152 ಹೀಗೇ ಸ್ಪಿನ್‌ನಿಂದ ಹೊರಬರದೆ ಬಿತ್ತು. ತನಿಖೆ ಮಾಡಿದವರಿಗೆ ರಡ್ಡರ್ ಸ್ಟಾಪ್ ದಾಟಿ ಸಿಕ್ಕಿಕೊಂಡದ್ದು ಕಂಡಿತು. ಸೆಸ್ನಾ 2001ರ ಜನವರಿಯಲ್ಲಿ ಎಸ್‌ಇಬಿ01-1 ಅನ್ನುವ ಸರ್ವೀಸ್ ಬುಲೆಟಿನ್ ಕೊಟ್ಟಿತು. ಆದರೆ ಅಮೆರಿಕದಲ್ಲಿ ಖಾಸಗಿ ಮಾಲೀಕರಿಗೆ ಬುಲೆಟಿನ್ ಬರೀ ಸಲಹೆ. ಎಡಿ ಆದ ಮೇಲೆ ಮಾತ್ರ ಕಡ್ಡಾಯ. ಅದಕ್ಕೆ ಇನ್ನೂ 8 ವರ್ಷ ಹಿಡಿಯಿತು. ಇಷ್ಟು ಸಣ್ಣ ಭಾಗಕ್ಕೆ ಇಷ್ಟು ತಡ ಯಾಕೆ ಆಯಿತೋ, ನನಗಂತೂ ಇವತ್ತಿಗೂ ಒಪ್ಪಿಗೆ ಇಲ್ಲ.

ಭಾರತದ ಮಾತು: ವಿಮಾನ ವಿನ್ಯಾಸ ಮಾಡಿದ ದೇಶ ಹೊರಡಿಸಿದ ಎಡಿ ನಮ್ಮಲ್ಲೂ ಕಡ್ಡಾಯ. ‘ಮ್ಯಾಂಡೇಟರಿ ಮಾಡಿಫಿಕೇಶನ್’ ಅನ್ನುವ ಮಾತು ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಕ) ನಿಯಮಗಳಲ್ಲೇ ಇದೆ. ನಿಮ್ಮ ಶಾಲೆಯ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಹತ್ತಿರ ಕೇಳಿ, ಯಾವ ವಿಧಾನ ಅಂತ ತೋರಿಸುತ್ತಾರೆ. ಫ್ರಾನ್ಸಿನ ರೀಮ್ಸ್ ಕಟ್ಟಿದ ಎಫ್‌152 ಕೂಡ ಈ ಎಡಿ ಪಟ್ಟಿಯಲ್ಲಿದೆ. 1966ರ 150ಎಫ್‌ಗಿಂತ ಹಿಂದಿನ, ನೆಟ್ಟಗಿನ ಬಾಲದ 150 ಮಾತ್ರ ಪಟ್ಟಿಯಲ್ಲಿಲ್ಲ.

ಸಿಮ್_ಸೀನ

ಫ್ಲೈಟ್ ಸಿಮ್ಯುಲೇಟರ್‌ನಲ್ಲಿ 152 ಸ್ಪಿನ್ ಮಾಡಿದರೆ ಹೀಗೆ ಆಗುತ್ತದಾ ಅಂತ ನೋಡಬಹುದಾ?

ರೆಂಚು_ಭಟ್ಟ

ಸೀನ, ಅದರಲ್ಲಿ ಬೋಲ್ಟ್ ಸವೆಯುವುದಿಲ್ಲಪ್ಪ.

ದೊಡ್ಡಹಕ್ಕಿ_ದುಬೈ

ನಾನು ಏರ್‌ಲೈನ್ ಮೆಂಟೆನೆನ್ಸ್‌ನಲ್ಲಿದ್ದೇನೆ. ಸ್ಟಿಕರ್ ಅಂಟಿಸಿದರೆ ಆಯಿತು ಅನ್ನುವುದು ನನಗೆ ವಿಚಿತ್ರ ಅನ್ನಿಸುತ್ತದೆ. ಬೋಯಿಂಗ್ 737 ರಡ್ಡರ್ ವಿಷಯದಲ್ಲಿ ಹೀಗೆ ಬಿಡಲಿಲ್ಲ. 1991ರ ಮಾರ್ಚ್‌ನಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ಹತ್ತಿರ ಯುನೈಟೆಡ್ 585 ಬಿದ್ದು 25 ಜನ ಹೋದರು. 1994ರ ಸೆಪ್ಟೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಹತ್ತಿರ ಯುಎಸ್‌ಏರ್ 427, 132 ಜನ. ರಡ್ಡರ್ ತಿರುಗಿಸುವ ಯಂತ್ರದ ಸರ್ವೋ ವಾಲ್ವ್ ಒಳಗೆ ಒಂದರೊಳಗೊಂದು ಎರಡು ಸ್ಲೈಡ್. ಹೊರಗಿನದು ಸಿಕ್ಕಿಕೊಂಡರೆ ಒಳಗಿನದು ಮಿತಿ ಮೀರಿ ಜರುಗಿ, ಪೈಲಟ್ ಒತ್ತಿದ ದಿಕ್ಕಿಗೆ ವಿರುದ್ಧವಾಗಿ ರಡ್ಡರ್ ತಿರುಗಬಹುದು ಅಂತ ಪರೀಕ್ಷೆಯಲ್ಲಿ ಕಂಡಿತು. ಬಿಸಿ ಹೈಡ್ರಾಲಿಕ್ ಎಣ್ಣೆಯನ್ನು ಚಳಿಗೆ ಪೂರ್ತಿ ತಣ್ಣಗಾದ ವಾಲ್ವ್‌ಗೆ ಬಿಟ್ಟಾಗ ಆ ಜ್ಯಾಮ್ ಆಯಿತು. 1996ರಲ್ಲಿ ಈಸ್ಟ್‌ವಿಂಡ್ 517ರಲ್ಲೂ ರಡ್ಡರ್ ತಾನಾಗಿ ತಿರುಗಿತು, ಆದರೆ ಅವರು ಸುರಕ್ಷಿತವಾಗಿ ಇಳಿದರು. ಪೈಲಟ್‌ಗಳ ಬಾಯಲ್ಲೇ ಕೇಳುವ ಹಾಗಾಯಿತು. ಕೊನೆಗೆ 2002ರಲ್ಲಿ ಎಡಿ ಬಂತು, ರಡ್ಡರ್ ವ್ಯವಸ್ಥೆಯನ್ನೇ ಬದಲಾಯಿಸಿ ಅಂತ. ಗಡುವು 6 ವರ್ಷ. ಅಲ್ಲಿ ‘ರಡ್ಡರ್ ಬಳಸಬೇಡಿ’ ಅಂತ ಯಾರೂ ಫಲಕ ಅಂಟಿಸಲಿಲ್ಲ.

ರೆಂಚು_ಭಟ್ಟ

ದೊಡ್ಡಹಕ್ಕಿ ಸರ್, 737ರಲ್ಲಿ ಮಾಮೂಲಿ ಹಾರಾಟದಲ್ಲೇ ಆ ತೊಂದರೆ ಬರಬಹುದಿತ್ತು. ಅಲ್ಲಿ ನಿಷೇಧಿಸಲು ಏನೂ ಉಳಿದಿರಲಿಲ್ಲ. ಇಲ್ಲಿ ಪೂರ್ತಿ ರಡ್ಡರ್ ಒತ್ತುವ ಕಸರತ್ತು ನಿಲ್ಲಿಸಿದರೆ ಅಪಾಯ ಬಹಳ ಕಡಿಮೆ. ಹಾಗಾಗಿ ಎಫ್‌ಎಎ ಎರಡು ಆಯ್ಕೆ ಕೊಟ್ಟಿತು. ಲೆಕ್ಕ ತಪ್ಪಲ್ಲ. ಆದರೆ ನಿಮ್ಮ ಮಾತಿನಲ್ಲೂ ಹುರುಳಿದೆ. ಬೋಲ್ಟ್ ಮತ್ತು ನಟ್ ಹಾಕಿದ ಮೇಲೆ ಅಲ್ಲೇ ಇರುತ್ತವೆ. ಸ್ಟಿಕರ್ ಕಥೆ ಏನಾಗುತ್ತದೆ ಅಂತ ಈ ಥ್ರೆಡ್ಡಿನಲ್ಲೇ ನೋಡುತ್ತಿದ್ದೇವೆ. ನನ್ನ ಹತ್ತಿರ ಬರುವ 150ಗಳಿಗೆ ನಾನು ಕಿಟ್ಟನ್ನೇ ಹಾಕಿಸುತ್ತೇನೆ. ಗೊಣಗುತ್ತಾರೆ, ಹಾಕಿಸಿಕೊಳ್ಳುತ್ತಾರೆ.

ಹಾರುವಹುಚ್ಚ_ಟೆಕ್ಸಾಸ್

ಅಪ್‌ಡೇಟ್. ನಮ್ಮ ಏರ್‌ಪೋರ್ಟಿನ ಮೆಕ್ಯಾನಿಕ್ ಹ್ಯಾಂಗರ್‌ಗೇ ಬಂದರು. ‘ಟಕ್’ ಸದ್ದಿನ ಕಾರಣ ಸಿಕ್ಕಿತು. ಆ ಕಡೆಯ ಸ್ಟಾಪ್ ಬೋಲ್ಟ್ ಸ್ವಲ್ಪ ಬಾಗಿದೆ. ಹಾಗಾಗಿ ಬಂಪರಿನ ಅಂಚಿಗೆ ತಾಗುತ್ತಿತ್ತು. ಗಾಳಿ ಇದ್ದ ದಿನ ರಡ್ಡರಿಗೆ ಲಾಕ್ ಹಾಕದೆ ಹೊರಗೆ ಕಟ್ಟಿದರೆ ಹೀಗೆ ಬಡಿದು ಬಡಿದು ಬಾಗಬಹುದು ಅಂದರು. ರಡ್ಡರ್ ಕೇಬಲ್ ಕೂಡ ಸಡಿಲ ಇತ್ತು. ಕಿಟ್ ಆರ್ಡರ್ ಮಾಡಿದ್ದೇವೆ. ಅಲ್ಲಿಯ ತನಕ ವಿಮಾನ ಹ್ಯಾಂಗರ್ ಬಿಟ್ಟು ಹೋಗುವುದಿಲ್ಲ. ಪಾಲುದಾರರಲ್ಲಿ ಒಬ್ಬರಿಗೆ ಸಿಟ್ಟು, ವೀಕೆಂಡ್ ಹಾಳಾಯಿತು ಅಂತ.

ಭಟ್ರೇ, ಕಿಟ್ ಹಾಕಿದ ಮೇಲೆ ಕೋನ ಹೇಗೆ ಅಳೆಯುವುದು? ಫಲಕ ಮತ್ತೆ ಬೇಕಾ?

ರೆಂಚು_ಭಟ್ಟ

ಕಿಟ್ ಪೂರ್ತಿ ಹಾಕಿದರೆ ಫಲಕ ಬೇಡ.

ಕೋನ ಅಳೆಯುವಾಗ ಒಂದು ಎಚ್ಚರ. ನಿಮ್ಮ ಬಾಲ ಓರೆ ಇದೆ, ಹಿಂಜ್ ರೇಖೆಯೂ ಓರೆ. ಹಿಂಜ್‌ಗೆ ಲಂಬವಾಗಿ ಅಳೆದರೆ ಒಂದು ಅಂಕಿ, ನೆಲಕ್ಕೆ ಸಮನಾಗಿ ಅಳೆದರೆ ಇನ್ನೊಂದು ಅಂಕಿ ಬರುತ್ತದೆ. 152ರ ಅಂಕಿ ನಾನು ಮೇಲೆ ಹೇಳಿದ್ದು. 150ಎಂಗೆ 3ಎ19 ಡೇಟಾ ಶೀಟ್ (ಈ ಮಾದರಿಗಳ ಎಫ್‌ಎಎ ಪ್ರಮಾಣಪತ್ರದ ವಿವರ ಪಟ್ಟಿ) ತೆಗೆದು, ಅಂಕಿಯ ಪಕ್ಕದಲ್ಲಿ ಯಾವ ದಿಕ್ಕಿನಲ್ಲಿ ಅಳೆಯಬೇಕು ಅಂತ ಬರೆದಿದೆಯೋ ಹಾಗೇ ಅಳೆಯಿರಿ. ಮೊದಲು ಕೇಬಲ್ ಬಿಗಿ ಸರಿ ಮಾಡಿ, ಆಮೇಲೆ ಸ್ಟಾಪ್ ಹೊಂದಿಸಿ, ಕೊನೆಗೆ ಜ್ಯಾಮ್ ನಟ್ ಬಿಗಿಯಿರಿ. ಆಮೇಲೆ ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ಹಿಂದೆ ಟಾರ್ಚ್ ಹಿಡಿದು ನೋಡಲಿ. ಬೋಲ್ಟಿನ ತಲೆ ಎರಡೂ ಕಡೆ ಬಂಪರಿನ ಮುಖಕ್ಕೆ ಪೂರ್ತಿ ಕೂರಬೇಕು. ಪೆಡಲ್ ಬಿಟ್ಟಾಗ ಸಲೀಸಾಗಿ ವಾಪಸ್ ಬರಬೇಕು.

ಲಾಗ್‌ಬುಕ್ಕಿನಲ್ಲಿ ಎಡಿ ನಂಬರ್, ಬುಲೆಟಿನ್ ನಂಬರ್, ಕಿಟ್ ನಂಬರ್, ಹಾಕಿದ ತಾರೀಖು, ಅಳೆದ ಎಡ ಬಲ ಕೋನ, ‘ಫಲಕ ತೆಗೆಯಲಾಗಿದೆ, ಮತ್ತೆ ಮಾಡಬೇಕಾದ್ದು ಏನೂ ಇಲ್ಲ’ ಇಷ್ಟೂ ಬರೆಸಿ. ಹಳೇ ಸಾಲನ್ನು ಹೊಡೆದು ಹಾಕಬೇಡಿ, ಅದು ಹಾಗೇ ಇರಲಿ.

ಕ್ರಾಸ್‌ವಿಂಡ್_ಕಾವ್ಯ

ನಮ್ಮ ಶಾಲೆಯಲ್ಲಿ ಕೇಳಿದೆ. ಎಎಂಇ ಸರ್ ಬೈಯುತ್ತಾರೇನೋ ಅಂದುಕೊಂಡಿದ್ದೆ, ಖುಷಿಯಾಗಿ ಕರೆದುಕೊಂಡು ಹೋಗಿ ತೋರಿಸಿದರು. ನಾನು ಹಾರುವ 152ರಲ್ಲಿ ಜ್ಯಾಮ್ ನಟ್ ಇದೆ. ಪಕ್ಕದ ಇನ್ನೊಂದರಲ್ಲಿ ಫಲಕ ಇದೆ.