ಶಿಕಾಗೊ ವೈಟ್ ಸಾಕ್ಸ್: ತಂಡ ಕಟ್ಟುವ ಕಾಲದಲ್ಲಿ ಹಣವನ್ನು ಯಾರಿಗೆ, ಎಷ್ಟು ವರ್ಷಕ್ಕೆ ಕೊಡಬೇಕು?

ಜಯನಗರದ ವೀಕ್ಷಕ:

ಎಲ್ಲರಿಗೂ ನಮಸ್ಕಾರ. ಕಂಪನಿಯ ಕೆಲಸದ ಮೇಲೆ ಶಿಕಾಗೊದಲ್ಲಿ ಕೆಲಕಾಲ ಇದ್ದಾಗ ನನಗೆ ವೈಟ್ ಸಾಕ್ಸ್ ತಂಡದ ಬೇಸ್‌ಬಾಲ್ ನೋಡುವ ಅಭ್ಯಾಸವಾಯಿತು. ಅಲ್ಲಿನ ರಾತ್ರಿ ಪಂದ್ಯ ನಮ್ಮಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ಬರುವುದರಿಂದ, ಬೆಂಗಳೂರಿಗೆ ಮರಳಿದ ಮೇಲೂ ಆ ಅಭ್ಯಾಸ ಉಳಿದಿದೆ.

2024 ರಲ್ಲಿ ಈ ತಂಡ 162 ಪಂದ್ಯಗಳಲ್ಲಿ 121 ನ್ನು ಸೋತಿತು. 1900 ರ ನಂತರ ಒಂದೇ ಋತುವಿನಲ್ಲಿ ಅಷ್ಟು ಸೋಲು ಕಂಡ ತಂಡ ಇನ್ನೊಂದಿಲ್ಲ. ಅದರ ಬೆನ್ನಿಗೇ ಬಂದ ಚಳಿಗಾಲದಲ್ಲಿ ಆಡಳಿತವು ತನ್ನ ಅತ್ಯುತ್ತಮ ಪಿಚರ್ (ಚೆಂಡು ಎಸೆಯುವ ಆಟಗಾರ) ಗ್ಯಾರೆಟ್ ಕ್ರೋಶೆಯನ್ನು ಬಾಸ್ಟನ್ ತಂಡಕ್ಕೆ ಬಿಟ್ಟುಕೊಟ್ಟು ನಾಲ್ವರು ಎಳೆಯ ಆಟಗಾರರನ್ನು ಪಡೆಯಿತು. ಹೊರಗಿನಿಂದ ತಂದ ಹಿರಿಯರಿಗೆ ದೊರೆತದ್ದು ಸಣ್ಣ ಮೊತ್ತದ ಒಪ್ಪಂದಗಳು. ಉದಾಹರಣೆಗೆ ಪಿಚರ್ ಮಾರ್ಟಿನ್ ಪೆರೆಸ್‌ಗೆ ಒಂದು ವರ್ಷಕ್ಕೆ 50 ಲಕ್ಷ ಡಾಲರ್. ಅದೇ ಚಳಿಗಾಲದಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡವು ಹುವಾನ್ ಸೋಟೊ ಒಬ್ಬರಿಗೇ 15 ವರ್ಷಗಳಿಗೆ 76.5 ಕೋಟಿ ಡಾಲರ್ ಕೊಟ್ಟಿತು. 2025 ರಲ್ಲಿ ನಮ್ಮವರು 60 ಗೆದ್ದು 102 ಸೋತರು. ಸುಧಾರಣೆ ಇದೆ, ನಿಜ. ಆದರೂ ಸತತ ಮೂರು ಋತುಗಳಲ್ಲಿ ನೂರಕ್ಕೂ ಹೆಚ್ಚು ಸೋಲು ಕಂಡ ತಂಡದ ಆಡಳಿತ ‘ತಾಳ್ಮೆ ಇರಲಿ’ ಎಂದು ಹೇಳುವಾಗ, ಅದು ನಿಜವಾಗಿ ತಂಡ ಕಟ್ಟುತ್ತಿದೆಯೋ ಅಥವಾ ಆ ಹೆಸರಿನಲ್ಲಿ ಮಾಲೀಕರ ಹಣ ಉಳಿಸುತ್ತಿದೆಯೋ ಎಂಬುದನ್ನು ನಮ್ಮಂಥ ಅಭಿಮಾನಿಗಳು ಗುರುತಿಸುವುದು ಹೇಗೆ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಬಸವನಗುಡಿಯ ಲೆಕ್ಕಿಗ:

ಖರ್ಚಿನ ಮೊತ್ತಕ್ಕಿಂತ ಒಪ್ಪಂದದ ಅವಧಿಯನ್ನು ನೋಡಬೇಕು ಸರ್, ಏಕೆಂದರೆ ಬೇಸ್‌ಬಾಲ್‌ನಲ್ಲಿ ಆಟಗಾರನ ಬೆಲೆ ಅವನ ಸೇವಾವಧಿಯ ಜೊತೆಗೆ ಏರುತ್ತ ಹೋಗುತ್ತದೆ. ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ಗೆ ಹೊಸದಾಗಿ ಬಂದವನಿಗೆ ಸಾಮಾನ್ಯವಾಗಿ ಮೊದಲ ಮೂರು ವರ್ಷ ಕನಿಷ್ಠ ವೇತನದ ಆಸುಪಾಸಿನ ಹಣವೇ ಗತಿ. 2025 ರಲ್ಲಿ ಆ ಕನಿಷ್ಠ ವೇತನ 7.6 ಲಕ್ಷ ಡಾಲರ್ ಇತ್ತು. ಅನಂತರದ ಮೂರು ವರ್ಷ ಆರ್ಬಿಟ್ರೇಷನ್ ಮೂಲಕ, ಅಂದರೆ ತಂಡ ಮತ್ತು ಆಟಗಾರ ಒಪ್ಪದಿದ್ದರೆ ಮಧ್ಯಸ್ಥರು ತೀರ್ಮಾನಿಸುವ ಕ್ರಮದಲ್ಲಿ, ಸಂಬಳ ಏರುತ್ತದೆ. ಆರು ವರ್ಷಗಳ ಸೇವೆ ಪೂರ್ಣವಾದ ಮೇಲಷ್ಟೇ ಅವನು ಫ್ರೀ ಏಜೆಂಟ್ ಆಗಿ ತನಗೆ ಬೇಕಾದ ತಂಡದೊಂದಿಗೆ ಮಾತನಾಡಬಹುದು. ಹೀಗಾಗಿ ಪ್ರತಿಭಾವಂತ ಎಳೆಯ ಆಟಗಾರರು ಐದಾರು ಮಂದಿ ಏಕಕಾಲಕ್ಕೆ ಮೇಲೆ ಬಂದರೆ, ಆ ಕೆಲವು ವರ್ಷಗಳಲ್ಲಿ ತಂಡಕ್ಕೆ ಅಗ್ಗದ ದರದಲ್ಲಿ ಶಕ್ತಿ ಸಿಗುತ್ತದೆ. ತಂಡ ಕಟ್ಟುವುದೆಂದರೆ ಆ ಅವಧಿಯನ್ನು ಸಿದ್ಧಪಡಿಸಿಕೊಳ್ಳುವುದು.

ಈ ದೃಷ್ಟಿಯಿಂದ ನೋಡಿದರೆ ಕ್ರೋಶೆಯನ್ನು ಬಿಟ್ಟುಕೊಟ್ಟದ್ದು ಲೆಕ್ಕಕ್ಕೆ ಸರಿಯಾಗಿದೆ. ಅವರ ಮೇಲೆ ತಂಡಕ್ಕೆ ಉಳಿದಿದ್ದ ಹಕ್ಕು ಎರಡೇ ಋತುಗಳದ್ದು, ಮತ್ತು ಆ ಎರಡು ಋತುಗಳಲ್ಲಿ ವೈಟ್ ಸಾಕ್ಸ್ ಗೆಲ್ಲುವ ಸ್ಥಿತಿಯಲ್ಲಿರಲಿಲ್ಲ. ಬದಲಿಗೆ ಬಂದವರಲ್ಲಿ ಕ್ಯಾಚರ್ ಕೈಲ್ ಟೀಲ್ ಮತ್ತು ಇನ್‌ಫೀಲ್ಡರ್ ಚೇಸ್ ಮೈಡ್ರಾತ್ ಇಬ್ಬರೂ 2025 ರಲ್ಲಿಯೇ ಮುಖ್ಯ ತಂಡದಲ್ಲಿ ಆಡಿದರು. ಬಾಸ್ಟನ್ ಕ್ರೋಶೆಗೆ ಆರು ವರ್ಷಗಳಿಗೆ 17 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು; ಅದೂ ಅವರಿಗೆ ಸರಿಯಾದ ನಿರ್ಧಾರವೇ, ಏಕೆಂದರೆ ಅವರು ಆಗಲೇ ಗೆಲ್ಲಲು ಹೊರಟವರು.

ಇನ್ನು ಒಂದು ವರ್ಷದ ಸಣ್ಣ ಒಪ್ಪಂದಗಳ ವಿಚಾರ. ಸೋಲುವ ತಂಡದಲ್ಲಿ ಅವುಗಳ ಮುಖ್ಯ ಉಪಯೋಗ ಜುಲೈ ಕೊನೆಯ ಟ್ರೇಡ್ (ತಂಡಗಳ ನಡುವಿನ ಆಟಗಾರರ ವಿನಿಮಯ) ಗಡುವಿನಲ್ಲಿ ಕಾಣುತ್ತದೆ. ಕ್ಯಾನ್ಸಸ್ ಸಿಟಿ ರಾಯಲ್ಸ್ ತಂಡವು 2023 ರ ಆರಂಭದಲ್ಲಿ ಅರೋಲ್ಡಿಸ್ ಚಾಪ್‌ಮನ್ ಅವರನ್ನು ಒಂದು ವರ್ಷಕ್ಕೆ 37.5 ಲಕ್ಷ ಡಾಲರಿಗೆ ಕರೆತಂದು, ಜೂನ್ ಮುಗಿಯುವ ಹೊತ್ತಿಗೆ ಟೆಕ್ಸಸ್‌ಗೆ ಕೊಟ್ಟು ಕೋಲ್ ರೇಗನ್ಸ್ ಅವರನ್ನು ಪಡೆಯಿತು. ಮರುವರ್ಷ ರೇಗನ್ಸ್ ಅಮೆರಿಕನ್ ಲೀಗಿನ ಶ್ರೇಷ್ಠ ಪಿಚರ್‌ಗಳ ಸಾಲಿನಲ್ಲಿ ನಿಂತರು. ನಮ್ಮ ತಂಡವೂ ಇದನ್ನು ಮಾಡಿದೆ. ದಕ್ಷಿಣ ಕೊರಿಯಾದ ಲೀಗಿನಲ್ಲಿ ಮಿಂಚಿದ್ದ ಎರಿಕ್ ಫೆಡ್ಡಿಯನ್ನು ಎರಡು ವರ್ಷಕ್ಕೆ 1.5 ಕೋಟಿ ಡಾಲರ್ ಕೊಟ್ಟು ತಂದು, 2024 ರ ಜುಲೈನಲ್ಲಿ ಮೂರು ತಂಡಗಳ ನಡುವಿನ ಟ್ರೇಡ್ ಮೂಲಕ ಮಿಗೆಲ್ ವಾರ್ಗಾಸ್ ಅವರನ್ನು ಪಡೆದರು. 2025 ರಲ್ಲಿ ಋತುವಿನ ಮಧ್ಯೆ ಸೇರಿದ ಏಡ್ರಿಯನ್ ಹೌಸರ್ 11 ಪಂದ್ಯಗಳನ್ನು ಆರಂಭಿಸಿ 2.10 ರ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ರನ್‌ಗಳ ಸರಾಸರಿ; ಕಡಿಮೆಯಿದ್ದಷ್ಟೂ ಒಳ್ಳೆಯದು) ಇಟ್ಟುಕೊಂಡರು. ಗಡುವಿನ ದಿನ ಅವರನ್ನು ಟ್ಯಾಂಪಾ ಬೇಗೆ ಕೊಟ್ಟು ಕರ್ಟಿಸ್ ಮೀಡ್ ಸೇರಿ ಮೂವರನ್ನು ತಂದರು. ಪೆರೆಸ್ ಮಾತ್ರ ಏಪ್ರಿಲಿನಲ್ಲಿಯೇ ಗಾಯಗೊಂಡರು, ಆ ಲೆಕ್ಕ ಫಲಿಸಲಿಲ್ಲ. ಪಿಚರ್‌ಗಳ ವಿಷಯದಲ್ಲಿ ಇದು ಸಹಜವಾದದ್ದರಿಂದಲೇ ಒಬ್ಬರ ಬದಲು ಮೂವರನ್ನು ತರಬೇಕೆಂದು ನಾನು ಹೇಳುತ್ತೇನೆ.

ಕೆಳಗಿನ ತಂಡಕ್ಕೆ ಇನ್ನೊಂದು ಅನುಕೂಲವೂ ಇದೆ. ರೂಲ್ 5 ಡ್ರಾಫ್ಟ್‌ನಲ್ಲಿ, ಬೇರೆ ತಂಡ ತನ್ನ 40 ಜನರ ಪಟ್ಟಿಯಲ್ಲಿ ಸೇರಿಸಿಕೊಳ್ಳದೆ ಬಿಟ್ಟ ಅರ್ಹ ಆಟಗಾರನನ್ನು ಎತ್ತಿಕೊಳ್ಳಬಹುದು. ಆದರೆ ಋತುವಿಡೀ ಅವನನ್ನು ಮುಖ್ಯ ತಂಡದಲ್ಲಿಯೇ ಇಟ್ಟುಕೊಳ್ಳಬೇಕು. ಗೆಲ್ಲುವ ತಂಡಕ್ಕೆ ಅದು ಹೊರೆ, ಸೋಲುವ ತಂಡಕ್ಕೆ ಅಲ್ಲ. ಹಾಗೆ ಮಿಲ್ವಾಕಿಯಿಂದ ಬಂದ ಶೇನ್ ಸ್ಮಿತ್ 2025 ರ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾದರು. ಕೋಟಿ ಡಾಲರುಗಳಿಗೂ ಸಿಗದ ಲಾಭವಿದು.

ಮಲ್ಲೇಶ್ವರದ ಹಳೆಯ ಓದುಗ:

ಲೆಕ್ಕಿಗರು ಹೇಳಿದ್ದು ಮೊದಲ ಹಂತಕ್ಕೆ ಸರಿ. ಆದರೆ ವೈಟ್ ಸಾಕ್ಸ್ ತಂಡದ ನಿಜವಾದ ಸಮಸ್ಯೆ ಎರಡನೆಯ ಹಂತದಲ್ಲಿದೆ ಎಂಬುದನ್ನು ನಾನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಇದೇ ತಂಡ ಇದೇ ಕೆಲಸವನ್ನು ಒಮ್ಮೆ ಮಾಡಿ ಮುಗಿಸಿದೆ.

2016 ರ ಡಿಸೆಂಬರಿನಲ್ಲಿ ಕ್ರಿಸ್ ಸೇಲ್ ಅವರನ್ನು ಬಾಸ್ಟನ್‌ಗೇ ಕೊಟ್ಟು ಯೊಆನ್ ಮೊನ್ಕಾಡಾ ಮತ್ತು ಮೈಕೆಲ್ ಕೋಪೆಕ್ ಅವರನ್ನು ತಂದರು. ಮರುವರ್ಷ ಹೊಸೆ ಕಿಂಟಾನಾ ಅವರನ್ನು ಊರಿನ ಎದುರಾಳಿ ಕಬ್ಸ್ ತಂಡಕ್ಕೆ ಕೊಟ್ಟು ಎಲೋಯ್ ಹಿಮೆನೆಸ್ ಮತ್ತು ಡಿಲನ್ ಸೀಸ್ ಅವರನ್ನು ತಂದರು. ಆಗಲೂ ‘ತಾಳ್ಮೆ ಇರಲಿ’ ಎಂದೇ ಹೇಳಿದ್ದರು, ಮತ್ತು ಆ ತಾಳ್ಮೆ ಫಲ ಕೊಟ್ಟಿತು ಕೂಡ: 2020 ರಲ್ಲಿ ಪ್ಲೇಆಫ್, 2021 ರಲ್ಲಿ 93 ಗೆಲುವಿನೊಂದಿಗೆ ವಿಭಾಗದ ಅಗ್ರಸ್ಥಾನ. ಅಲ್ಲಿಂದ ಮುಂದೆ ಏನಾಯಿತು? 2022 ರಲ್ಲಿ 81 ಗೆಲುವು, 81 ಸೋಲು. 2023 ರಲ್ಲಿ 101 ಸೋಲು. ಅದಾದ ಮೇಲೆ 121.

ಎಳೆಯರು ಬೆಳೆದು ನಿಂತಾಗ ಅವರ ಸುತ್ತ ತಂಡವನ್ನು ಪೂರ್ಣಗೊಳಿಸಲು ದೊಡ್ಡ ಹಣ ಬೇಕಾಗುತ್ತದೆ. 2019 ರ ಆರಂಭದಲ್ಲಿ ಮ್ಯಾನಿ ಮಚಾಡೊ ಅವರಿಗಾಗಿ ಪ್ರಯತ್ನಿಸಿದ ವೈಟ್ ಸಾಕ್ಸ್, ಸ್ಯಾನ್ ಡಿಯಾಗೊ 10 ವರ್ಷಕ್ಕೆ 30 ಕೋಟಿ ಡಾಲರ್ ಮುಂದಿಟ್ಟಾಗ ಹಿಂದೆ ಉಳಿಯಿತು. ಕ್ಯಾಚರ್ ಯಾಸ್ಮಾನಿ ಗ್ರಾಂಡಾಲ್ ಮತ್ತು ಪಿಚರ್ ಡಲಸ್ ಕೈಕಲ್ ಅವರನ್ನು ತಂದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಈ ತಂಡ ಹೊರಗಿನ ಫ್ರೀ ಏಜೆಂಟ್ ಒಬ್ಬನಿಗೆ ಆವರೆಗೆ ಕೊಟ್ಟ ಅತಿ ದೊಡ್ಡ ಒಪ್ಪಂದ 2022 ರ ಡಿಸೆಂಬರಿನಲ್ಲಿ ಆಂಡ್ರ್ಯೂ ಬೆನಿಂಟೆಂಡಿಗೆ ಕೊಟ್ಟ 7.5 ಕೋಟಿ ಡಾಲರ್. ಅಂದರೆ ಹಣ ಬಂದದ್ದು ತಂಡ ಕುಸಿಯತೊಡಗಿದ ಮೇಲೆ. ಗಾಯಗಳು ಕಾಡಿದವು, ಫೀಲ್ಡಿಂಗ್ ದುರ್ಬಲವಾಗಿತ್ತು, ಇವೆಲ್ಲ ಕಾರಣಗಳೇ. ಆದರೆ ಒಬ್ಬಿಬ್ಬರು ಗಾಯಗೊಂಡಾಗ ನಿಲ್ಲಬಲ್ಲ ಪರ್ಯಾಯ ಆಟಗಾರರನ್ನು ಇಟ್ಟುಕೊಳ್ಳುವುದಕ್ಕೂ ಹಣವೇ ಬೇಕು.

ಸೋತರೆ, ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಡ್ರಾಫ್ಟ್‌ನಲ್ಲಿ ಒಳ್ಳೆಯ ಸ್ಥಾನ ಸಿಗುತ್ತದೆಂಬ ಹಳೆಯ ವಾದವೂ ಈಗ ಸಡಿಲವಾಗಿದೆ. ಹ್ಯೂಸ್ಟನ್ ಆಸ್ಟ್ರೋಸ್ 2011 ರಿಂದ 2013 ರ ವರೆಗೆ ಕ್ರಮವಾಗಿ 106, 107, 111 ಪಂದ್ಯ ಸೋತು, 2017 ರಲ್ಲಿ ವರ್ಲ್ಡ್ ಸೀರೀಸ್ (ಮೇಜರ್ ಲೀಗಿನ ಅಂತಿಮ ಸರಣಿ) ಗೆದ್ದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅಂದು ಅತಿ ಹೆಚ್ಚು ಸೋತವನಿಗೆ ಮೊದಲ ಆಯ್ಕೆ ಖಚಿತವಾಗಿತ್ತು. ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ 2022 ರ ಕಾರ್ಮಿಕ ಒಪ್ಪಂದದ ನಂತರ ಮೊದಲ ಆರು ಸ್ಥಾನಗಳಿಗೆ ಲಾಟರಿ ಎತ್ತುತ್ತಾರೆ. ಅತ್ಯಂತ ಕೆಳಗಿನ ಮೂರು ತಂಡಗಳಿಗೂ ಮೊದಲ ಆಯ್ಕೆಯ ಸಾಧ್ಯತೆ ತಲಾ 16.5 ಶೇಕಡಾ ಮಾತ್ರ. ಮೇಲಾಗಿ ವರ್ಷ ವರ್ಷವೂ ಲಾಟರಿಯ ಲಾಭ ಪಡೆಯದಂತೆ ನಿರ್ಬಂಧವಿದೆ. ಆ ನಿರ್ಬಂಧದಿಂದಾಗಿಯೇ 121 ಸೋಲಿನ ನಂತರವೂ ವೈಟ್ ಸಾಕ್ಸ್ 2025 ರ ಡ್ರಾಫ್ಟ್‌ನಲ್ಲಿ 10ನೆಯ ಸ್ಥಾನಕ್ಕೆ ಇಳಿಯಿತು. ಸೋಲನ್ನೇ ಬಂಡವಾಳ ಮಾಡಿಕೊಳ್ಳುವ ಕಾಲ ಮುಗಿಯಿತು. ಇಷ್ಟು ಸೋಲಿಗೆ ಪ್ರತಿಫಲವಾಗಿ ಅಭಿಮಾನಿಗೆ ಏನು ಸಿಕ್ಕಿತು ಎಂದು ನಾನು ನೋವಿನಿಂದಲೇ ಕೇಳುತ್ತಿದ್ದೇನೆ.

ಕಬ್ಬನ್ ರಸ್ತೆಯ ಅಭಿಮಾನಿ:

ನಾನು ಕ್ರಿಕೆಟ್‌ನವನು, ಬೇಸ್‌ಬಾಲ್ ಇತ್ತೀಚೆಗೆ ಕಲಿತದ್ದು. ಈ ಚರ್ಚೆ ಓದುವಾಗ ಒಂದು ವ್ಯತ್ಯಾಸ ಮನಸ್ಸಿಗೆ ಬಂತು. ನಮ್ಮ ಊರಿನ ಬಹುಪಾಲು ವೀಕ್ಷಕರು ತಂಡ ಕಟ್ಟುವುದನ್ನು ಐಪಿಎಲ್ ಹರಾಜಿನ ಕಣ್ಣಿನಿಂದಲೇ ನೋಡುವುದರಿಂದ ಅದನ್ನು ಹೇಳುವುದು ಉಚಿತವೆಂದುಕೊಂಡಿದ್ದೇನೆ.

2025 ರ ಋತುವಿಗೆ ಪ್ರತಿ ಫ್ರಾಂಚೈಸಿಗೂ ಸಮಾನವಾಗಿ 120 ಕೋಟಿ ರೂಪಾಯಿ ಇತ್ತು. ಆರ್‌ಸಿಬಿ ಕೊಹ್ಲಿ, ಪಾಟೀದಾರ್, ಯಶ್ ದಯಾಳ್ ಮೂವರನ್ನು ಉಳಿಸಿಕೊಂಡು 83 ಕೋಟಿಯೊಂದಿಗೆ ಹರಾಜಿಗೆ ಹೋಯಿತು. ಒಬ್ಬ ದೊಡ್ಡ ಹೆಸರಿಗೆ 20 ಕೋಟಿ ಸುರಿಯದೆ ಹೇಜಲ್‌ವುಡ್‌ಗೆ 12.5, ಸಾಲ್ಟ್‌ಗೆ 11.5, ಭುವನೇಶ್ವರ್‌ಗೆ 10.75, ಕೃಣಾಲ್‌ಗೆ 5.75 ಕೋಟಿ ಎಂದು ಹಂಚಿತು. ಅಂದು ನಾವೆಲ್ಲ ಅತೃಪ್ತರಾಗಿದ್ದೆವು. ಮರು ಜೂನ್ 3 ರಂದು ಅಹಮದಾಬಾದಿನಲ್ಲಿ ಕಪ್ ಬಂತು. ಹೀಗೆ ಒಂದೇ ಹರಾಜಿನಲ್ಲಿ ತಂಡದ ದಿಕ್ಕು ಬದಲಾಗಲು ಕಾರಣ, ಅಲ್ಲಿ ಎಲ್ಲರ ಚೀಲವೂ ಒಂದೇ ಗಾತ್ರದ್ದು, ಮತ್ತು ಮೂರು ವರ್ಷಕ್ಕೊಮ್ಮೆ ಬಹುತೇಕ ಎಲ್ಲ ಆಟಗಾರರೂ ಮತ್ತೆ ಹರಾಜಿಗೆ ಬರುತ್ತಾರೆ. ಬೇಸ್‌ಬಾಲ್‌ನಲ್ಲಿ ಸಂಬಳದ ಒಟ್ಟು ಮೊತ್ತಕ್ಕೆ ಗಟ್ಟಿಯಾದ ಮೇಲ್ಮಿತಿಯೂ ಇಲ್ಲ, ಇಂತಿಷ್ಟು ಖರ್ಚು ಮಾಡಲೇಬೇಕೆಂಬ ಕೆಳಮಿತಿಯೂ ಇಲ್ಲ. ಒಂದು ಮಟ್ಟ ದಾಟಿದರೆ ತೆರಿಗೆ ಕಟ್ಟಬೇಕು, ಅಷ್ಟೆ. 2025 ರಲ್ಲಿ ಆ ಮಟ್ಟ 24.1 ಕೋಟಿ ಡಾಲರ್ ಆಗಿತ್ತು. ಕೆಳಮಿತಿ ಇಲ್ಲದಲ್ಲಿ ಮಾಲೀಕನ ಮನಸ್ಸೇ ಕೆಳಮಿತಿ. ಆದ್ದರಿಂದ ಜಯನಗರದವರ ಅನುಮಾನ ನ್ಯಾಯವಾದದ್ದೇ ಎಂದು ನನಗೆ ಅನ್ನಿಸುತ್ತದೆ.

ಜಯನಗರದ ವೀಕ್ಷಕ:

ಮೂವರಿಗೂ ಧನ್ಯವಾದಗಳು. ಮಲ್ಲೇಶ್ವರದವರು ಎತ್ತಿದ ಹಿಂದಿನ ಯತ್ನದ ವಿಷಯ ನನ್ನ ಮನಸ್ಸಿನಲ್ಲಿದ್ದ ಅಸಮಾಧಾನಕ್ಕೆ ಸರಿಯಾದ ಹೆಸರು ಕೊಟ್ಟಿತು. ಹಾಗಾದರೆ 102 ಸೋಲಿನ ನಂತರದ ಈ ಹಂತದಲ್ಲಿ ತಂಡ ಮಾಡಬೇಕಾದದ್ದೇನು? ಈಗಲೇ ದೊಡ್ಡ ಹಣ ಹೂಡುವುದು ಅವಸರವಾಗುತ್ತದೆಯೇ?

ಬಸವನಗುಡಿಯ ಲೆಕ್ಕಿಗ:

ಎರಡೂ ಬಗೆಯ ಉದಾಹರಣೆಗಳಿವೆ ಸರ್. ಡೆಟ್ರಾಯಿಟ್ ಟೈಗರ್ಸ್ 2022 ಕ್ಕೆ ಮುಂಚೆ ಹಾವಿಯರ್ ಬಾಯೆಸ್‌ಗೆ ಆರು ವರ್ಷಗಳಿಗೆ 14 ಕೋಟಿ ಡಾಲರ್ ಕೊಟ್ಟು, ಆ ವರ್ಷ 96 ಪಂದ್ಯ ಸೋತಿತು. ಅವರ ಬ್ಯಾಟಿಂಗ್ ಮೂರು ವರ್ಷ ಕುಸಿಯುತ್ತಲೇ ಹೋಯಿತು. ಅದೇ ತಂಡ 2024 ರಲ್ಲಿ ಜ್ಯಾಕ್ ಫ್ಲಾಹರ್ಟಿಯನ್ನು ಒಂದೇ ವರ್ಷಕ್ಕೆ 1.4 ಕೋಟಿ ಡಾಲರಿಗೆ ತಂದು ಜುಲೈನಲ್ಲಿ ಡಾಡ್ಜರ್ಸ್‌ಗೆ ಬಿಟ್ಟುಕೊಟ್ಟಿತು, ಆದರೂ ತಾನೇ ಬೆಳೆಸಿದ ಟಾರಿಕ್ ಸ್ಕೂಬಲ್ ಅವರ ಬಲದಿಂದ ಪ್ಲೇಆಫ್ ತಲುಪಿತು. ಇನ್ನೊಂದೆಡೆ ಟೆಕ್ಸಸ್ ರೇಂಜರ್ಸ್, 102 ಸೋಲಿನ 2021 ರ ಬೆನ್ನಿಗೇ ಕೋರಿ ಸೀಗರ್‌ಗೆ 32.5 ಕೋಟಿ ಮತ್ತು ಮಾರ್ಕಸ್ ಸೆಮಿಯನ್‌ಗೆ 17.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಮರುವರ್ಷ 94 ಸೋಲು, ಅದರ ಮರುವರ್ಷ ವರ್ಲ್ಡ್ ಸೀರೀಸ್. ಆದರೆ ಅದು ಮಾರುಕಟ್ಟೆಯ ಶಿಖರದಲ್ಲಿದ್ದ ಇಬ್ಬರನ್ನು ಒಟ್ಟಿಗೆ ಕೊಳ್ಳಬಲ್ಲ ಮಾಲೀಕರಿಗೆ ಒಪ್ಪುವ ದಾರಿ. ಶಿಕಾಗೊದ ಈ ಆಡಳಿತ ಆ ದಾರಿ ಹಿಡಿಯುತ್ತದೆಂದು ನಿರೀಕ್ಷಿಸುವುದು ಕಷ್ಟ.

ನಮ್ಮ ತಂಡಕ್ಕೆ ಹತ್ತಿರದ ಮಾದರಿ ರಾಯಲ್ಸ್. 2023 ರಲ್ಲಿ ಅವರು 106 ಸೋತಿದ್ದರು. ಆ ಚಳಿಗಾಲದಲ್ಲಿ ಸೆತ್ ಲೂಗೊಗೆ ಮೂರು ವರ್ಷಕ್ಕೆ 4.5 ಕೋಟಿ, ಮೈಕೆಲ್ ವಾಕಾಗೆ ಎರಡು ವರ್ಷಕ್ಕೆ 3.2 ಕೋಟಿ ಡಾಲರ್ ಕೊಟ್ಟರು. ಜೊತೆಗೆ ತಮ್ಮದೇ ಶಾರ್ಟ್‌ಸ್ಟಾಪ್ ಬಾಬಿ ವಿಟ್ ಜೂನಿಯರ್ ಅವರನ್ನು 11 ವರ್ಷಗಳಿಗೆ 28.88 ಕೋಟಿ ಡಾಲರಿಗೆ ಉಳಿಸಿಕೊಂಡರು. 2024 ರಲ್ಲಿ 86 ಗೆದ್ದು ಪ್ಲೇಆಫ್‌ಗೆ ಬಂದು ಬಾಲ್ಟಿಮೋರ್ ತಂಡವನ್ನು ಹೊರಹಾಕಿದರು. ದೀರ್ಘಾವಧಿಯ ಹಣ ಮನೆಯಲ್ಲಿ ಬೆಳೆದ ಎಳೆಯನಿಗೆ, ಮಧ್ಯಮ ಅವಧಿಯ ಹಣ ವರ್ಷಪೂರ್ತಿ ಇನ್ನಿಂಗ್ಸ್ ಹೊರಬಲ್ಲ ಹಿರಿಯ ಪಿಚರ್‌ಗಳಿಗೆ: ಈ ಹಂಚಿಕೆ ನನಗೆ ಬಹಳ ಮೆಚ್ಚುಗೆಯಾಗಿದೆ.

ಹಾಗೆ ನೋಡಿದರೆ ವೈಟ್ ಸಾಕ್ಸ್ ಮೊದಲು ಮಾತನಾಡಬೇಕಾದದ್ದು ಶಾರ್ಟ್‌ಸ್ಟಾಪ್ ಕೋಲ್ಸನ್ ಮಾಂಟ್‌ಗಮರಿ ಅವರೊಡನೆ. 2025 ರ ಜುಲೈನಲ್ಲಿ ಮೇಲೆ ಬಂದು 71 ಪಂದ್ಯಗಳಲ್ಲಿ 21 ಹೋಮ್ ರನ್ ಹೊಡೆದವರು ಅವರು. 2031 ರ ವರೆಗೆ ಅವರ ಮೇಲೆ ತಂಡಕ್ಕೆ ಹೇಗೂ ಹಕ್ಕಿದೆ, ಅವಸರವೇನು ಎಂದು ಆಡಳಿತ ಹೇಳಬಹುದು. ಆದರೆ ಇನ್ನೆರಡು ಒಳ್ಳೆಯ ಋತುಗಳ ನಂತರ ಅದೇ ಒಪ್ಪಂದದ ಬೆಲೆ ಇಂದಿನದಾಗಿರುವುದಿಲ್ಲ. ಆ ಮಾತುಕತೆಯ ಜೊತೆಗೆ ಲೂಗೊ ಮಾದರಿಯ ಪಿಚರ್ ಒಬ್ಬರಾದರೂ ಎರಡು ಮೂರು ವರ್ಷಕ್ಕೆ ಬಂದರೆ, ಇವರು ಕಟ್ಟುತ್ತಿದ್ದಾರೆಂದು ನಾನು ನಂಬುತ್ತೇನೆ. ಬರೀ ಒಂದು ವರ್ಷದ ಒಪ್ಪಂದಗಳೇ ಮತ್ತೆ ಮತ್ತೆ ಬರುತ್ತಿದ್ದರೆ ನಿಮ್ಮ ಅನುಮಾನ ನಿಜವೆಂದೇ ತಿಳಿಯಿರಿ.

ಮಲ್ಲೇಶ್ವರದ ಹಳೆಯ ಓದುಗ:

ಮಾಂಟ್‌ಗಮರಿ ವಿಷಯದಲ್ಲಿ ಲೆಕ್ಕಿಗರ ಮಾತನ್ನು ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. 71 ಪಂದ್ಯ ಬಹಳ ಚಿಕ್ಕ ಅವಧಿ. ಹಿಂದಿನ ಯತ್ನದಲ್ಲಿ ಇದೇ ತಂಡ ಹಿಮೆನೆಸ್‌ಗೆ ಮೇಜರ್ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡುವ ಮುನ್ನವೇ ಆರು ವರ್ಷಗಳ ಒಪ್ಪಂದ ಕೊಟ್ಟಿತ್ತು. ಗಾಯಗಳಿಂದ ಅವರ ಆಟ ನಿರೀಕ್ಷಿಸಿದಷ್ಟು ಅರಳಲಿಲ್ಲ. ಆದರೂ ಅಂಥ ನಷ್ಟವನ್ನು ತಾಳಿಕೊಳ್ಳುವ ಶಕ್ತಿ ತಂಡಕ್ಕಿದೆ, ಏಕೆಂದರೆ ಉಳಿದ ಎಳೆಯರೆಲ್ಲ ಕನಿಷ್ಠ ವೇತನದಲ್ಲಿದ್ದಾರೆ.

ಮಾಲೀಕತ್ವವನ್ನೂ ಮರೆಯಬಾರದು. ಮಾಲೀಕ ಜೆರಿ ರೈನ್ಸ್‌ಡಾರ್ಫ್ 2029 ರಿಂದ ಮುಂದೆ ತಂಡದ ನಿಯಂತ್ರಣವನ್ನು ಹೂಡಿಕೆದಾರ ಜಸ್ಟಿನ್ ಇಶ್ಬಿಯಾ ಅವರಿಗೆ ಬಿಟ್ಟುಕೊಡಲು ದಾರಿ ಮಾಡುವ ಒಪ್ಪಂದವನ್ನು 2025 ರ ಜೂನ್‌ನಲ್ಲಿ ಪ್ರಕಟಿಸಿದ್ದಾರೆ. ಟೀಲ್, ಮೈಡ್ರಾತ್, ಮಾಂಟ್‌ಗಮರಿ ಇವರೆಲ್ಲ ಕನಿಷ್ಠ ವೇತನ ದಾಟಿ ಆರ್ಬಿಟ್ರೇಷನ್‌ಗೆ ಬರುವುದು ಸರಿಸುಮಾರು ಅದೇ ಸಮಯಕ್ಕೆ. ಅದರ ನಡುವೆ ಈಗಿನ ಕಾರ್ಮಿಕ ಒಪ್ಪಂದವು 2026 ರ ಡಿಸೆಂಬರ್ 1 ಕ್ಕೆ ಮುಗಿಯುತ್ತದೆ. ಸೇವಾವಧಿ, ಲಾಟರಿ, ತೆರಿಗೆಯ ಮಟ್ಟ ಎಲ್ಲವೂ ಮತ್ತೆ ಚರ್ಚೆಗೆ ಬರುತ್ತವೆ. ನಿಯಮ ಬದಲಾಗುವವರೆಗೆ ಕಾಯೋಣವೆಂದು ಬಹಳ ಮಾಲೀಕರು ಹೇಳಬಹುದು. ನಮ್ಮ ತಂಡದ ಮಾಲೀಕರು ಹಾಗೆ ಕಾಯದೆ ಮಾಂಟ್‌ಗಮರಿಯ ಒಪ್ಪಂದಕ್ಕೆ ಅದಕ್ಕೆ ಮೊದಲೇ ಸಹಿ ಹಾಕಲಿ ಎಂಬುದು ನನ್ನ ಆಸೆ.