ಆನೆಗೊಂದಿಯಲ್ಲಿ ದೋಣಿ ಕಾಯುವಾಗ ಊಟ ಎಲ್ಲಿ? ಅನುಭವ ಇದ್ದವರು ಹೇಳಿ

ಸಿಂಧನೂರಿನಿಂದ ಕೇಳಿದ್ದು:

ಡಿಸೆಂಬರ್ ರಜೆಯಲ್ಲಿ ಆನೆಗೊಂದಿಗೆ, ಅಂದರೆ ತುಂಗಭದ್ರಾ ಹೊಳೆಯಲ್ಲಿ ಹಂಪಿಯ ಎದುರು ದಡದ ಊರಿಗೆ ಹೊರಟಿದ್ದೇವೆ. ನಾವಿಬ್ಬರು, ಆರು ವರ್ಷದ ಮಗಳು, ಮಂಡಿನೋವು ಇರುವ ಅತ್ತೆ. ಬೆಳಿಗ್ಗೆ ಊರು ನೋಡಿ, ಮಧ್ಯಾಹ್ನ ಕಾರು ಅಲ್ಲೇ ಬಿಟ್ಟು, ದೋಣಿಯಲ್ಲಿ ಹಂಪಿ ಕಡೆಯ ತಳವಾರಘಟ್ಟಕ್ಕೆ ದಾಟಿ ವಿಠ್ಠಲ ದೇವಸ್ಥಾನಕ್ಕೆ ಹೋಗಬೇಕು. ದೋಣಿ ಬರುವ ತನಕ ಹೊಳೆ ಕಾಣುವ ಹೋಟೆಲಿನಲ್ಲಿ ಊಟ ಮಾಡುವ ಆಸೆ. ಮದುವೆಗೆ ಮುಂಚೆ ಹಂಪಿ ಹತ್ತಿರದ ನಡುಗಡ್ಡೆ ವಿರೂಪಾಪುರಗಡ್ಡೆಯಲ್ಲಿ ನೆಲದ ಹಾಸಿಗೆ ಮೇಲೆ ಕೂತು, ಗದ್ದೆ ನೋಡುತ್ತಾ ತಿಂದಿದ್ದು ಇನ್ನೂ ನೆನಪಿದೆ. ಅಂಥದ್ದು ಈಗಲೂ ಇದೆಯಾ?

ಗಂಗಾವತಿಯ ಶಿಕ್ಷಕಿಯೊಬ್ಬರು:

ತಂಗಿ, ಗಡ್ಡೆಯ ಆ ಹೋಟೆಲುಗಳು ಹೋದವು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಮಾರ್ಚ್‌ನಲ್ಲಿ ಜೆಸಿಬಿ ತಂದು ಕೆಡವಿದರು. ಹಂಪಿ ವಿಶ್ವ ಪರಂಪರೆಯ ಜಾಗ, ಅಲ್ಲಿ ಹಾಗೆ ಕಟ್ಟುವಂತಿಲ್ಲ. ಕಾನೂನು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಅಲ್ಲಿ ಅಡುಗೆ ಮಾಡುತ್ತಿದ್ದ, ಪಾತ್ರೆ ತೊಳೆಯುತ್ತಿದ್ದ ನಮ್ಮ ಹಳ್ಳಿ ಹೆಣ್ಣುಮಕ್ಕಳ ಮುಖ ನೆನೆದರೆ ಈಗಲೂ ಸಂಕಟ ಆಗುತ್ತದೆ.

ಈಗ ನೀವು ಮಾಡಬೇಕಾದ್ದು ಇಷ್ಟು. ಊಟಕ್ಕಿಂತ ಮೊದಲು ದೋಣಿ ವಿಚಾರಿಸಿ. ನಾನಿದನ್ನು ಕಷ್ಟಪಟ್ಟು ಕಲಿತೆ. ಮೂರು ವರ್ಷದ ಹಿಂದೆ ಅಕ್ಕನ ಮಕ್ಕಳನ್ನು ಕರೆದುಕೊಂಡು ಹೊಳೆಯಾಚೆ ಹೋಗಿದ್ದೆ. ವಾಪಸ್ ಬರುವಾಗ ಸಂಜೆ ನಾಲ್ಕೂವರೆ. ಮಕ್ಕಳಿಗೆ ಹಸಿವು. ಒಂದು ಹೋಟೆಲಿನಲ್ಲಿ ಕೂತು ಫ್ರೈಡ್ ರೈಸ್, ಪರೋಟ ಹೇಳಿದೆವು. ಆರ್ಡರ್ ಕೊಟ್ಟ ಮೇಲೇ ತರಕಾರಿ ಹೆಚ್ಚಲು ಶುರು ಮಾಡಿದರು. ತಟ್ಟೆ ಬರುವಷ್ಟರಲ್ಲಿ ಒಂದು ಗಂಟೆ. ತಿಂದು ಘಟ್ಟಕ್ಕೆ ಓಡಿದರೆ ಕೊನೆಯ ದೋಣಿ ನಡುನೀರಿನಲ್ಲಿತ್ತು. ಕತ್ತಲಾದ ಮೇಲೆ ಯಾರೂ ದೋಣಿ ಹಾಕುವುದಿಲ್ಲ, ಹಾಕಲೂಬಾರದು. ಆಟೋ ಮಾಡಿಕೊಂಡು ಬುಕ್ಕಸಾಗರ–ಕಡೆಬಾಗಿಲು ಸೇತುವೆ ಸುತ್ತಿ ಬಂದೆವು. ಚಿಕ್ಕವನು ದಾರಿಯುದ್ದಕ್ಕೂ ಅತ್ತ. ನಿಮ್ಮ ಕಾರು ಈ ಕಡೆ ಇರುತ್ತದೆ, ಆದ್ದರಿಂದ ಹೋಗುವಾಗಲೇ "ವಾಪಸ್ ಕೊನೆ ದೋಣಿ ಎಷ್ಟೊತ್ತಿಗೆ?" ಅಂತ ಕೇಳಿಕೊಂಡು ಬಿಡಿ.

ಊಟ ಆನೆಗೊಂದಿ ಊರೊಳಗೇ ಮುಗಿಸಿ. ಗಗನಮಹಲಿನ ಸುತ್ತ ಓಡಾಡುವ ಮೊದಲೇ ಖಾನಾವಳಿಯಲ್ಲಿ ಎಷ್ಟು ಜನ ಅಂತ ಹೇಳಿಟ್ಟರೆ, ಬರುವಷ್ಟರಲ್ಲಿ ರೊಟ್ಟಿ ಬಿಸಿ ಇರುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೇಲೆ ನಮ್ಮ ಗಂಗಾವತಿ ಸೋನಾ ಮಸೂರಿ ಅನ್ನ. ಹೊಳೆ ಕಾಣುವುದಿಲ್ಲ, ನಿಜ. ಹೊಳೆ ನೋಡುತ್ತಾ ತಿನ್ನಲು ಒಗ್ಗರಣೆ–ಮಿರ್ಚಿ ಕಟ್ಟಿಸಿಕೊಂಡು ಘಟ್ಟಕ್ಕೆ ಹೋಗಿ. ಕಾಗದದಲ್ಲಿ ಬಿಸಿ ಮಿರ್ಚಿ, ಕಾಲಡಿ ಕಲ್ಲಿನ ಮೆಟ್ಟಿಲು, ಎದುರಿಗೆ ಬಂಡೆಗಳ ಗುಡ್ಡ. ನನಗಂತೂ ಯಾವ ಹೋಟೆಲೂ ಇದಕ್ಕೆ ಸಮ ಅಲ್ಲ.

ಕಾಯುವಾಗ ಮಗಳಿಗೆ ಒಂದು ವಿಷಯ ಹೇಳಿ. ಸುಮಾರು 1520ರಲ್ಲಿ ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್ ಇಲ್ಲಿಗೆ ಬಂದಿದ್ದ. ಬುಟ್ಟಿಯಂಥ ದುಂಡು ದೋಣಿ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತದೆ ಅಂತ ಬರೆದಿದ್ದಾನೆ. ನನ್ನ ಶಾಲೆಯ ಮಕ್ಕಳಿಗೆ ಹರಿಗೋಲು ತೋರಿಸಿ ಇದನ್ನು ಹೇಳಿದಾಗ ಅವರ ಕಣ್ಣು ನೋಡಬೇಕಿತ್ತು.

ಕಂಪ್ಲಿಯಿಂದ:

ಕೋತಿ! ಬಾಳೆಹಣ್ಣು ಕೈಯಲ್ಲಿ ಹಿಡಿದು ನಿಲ್ಲಬೇಡಿ. ನನ್ನ ತಮ್ಮನ ಕೈಯಿಂದ ಚೀಲವನ್ನೇ ಕಿತ್ತುಕೊಂಡು ಹೋಯಿತು. ಜಿಪ್ ಇರುವ ಚೀಲ ತನ್ನಿ. ಆದರೆ ಸುಗಂಧಿ ಬಾಳೆಹಣ್ಣು ತಿನ್ನದೆ ಮಾತ್ರ ವಾಪಸ್ ಹೋಗಬೇಡಿ.

ಹರಿಗೋಲು ಹಾಕುವ ಮನೆಯ ಹುಡುಗ:

ಅಕ್ಕಾರೆ, ನಮ್ಮಪ್ಪ, ಅಜ್ಜ ಇದೇ ಕೆಲಸ ಮಾಡಿದವರು. ದೋಣಿಗೆ ಬಸ್ಸಿನ ಹಾಗೆ ಟೈಮ್ ಇಲ್ಲ. ಜನ ತುಂಬಿದರೆ ಬಿಡುತ್ತಾರೆ. ಕೆಲವೊಮ್ಮೆ ಹತ್ತು ನಿಮಿಷ, ಕೆಲವೊಮ್ಮೆ ಮುಕ್ಕಾಲು ಗಂಟೆ. ಅವಸರ ಇದ್ದರೆ ಪೂರ್ತಿ ದೋಣಿ ಬಾಡಿಗೆಗೆ ಕೇಳಬಹುದು, ರೇಟು ಹತ್ತುವ ಮೊದಲೇ ಮಾತಾಡಿಕೊಳ್ಳಿ.

ಅತ್ತೆಯವರಿಗೆ ಮೋಟಾರ್ ದೋಣಿಯೇ ಒಳ್ಳೆಯದು. ಹರಿಗೋಲಿನಲ್ಲಿ ಬಿದಿರಿನ ತಳದ ಮೇಲೆ ಕಾಲು ಮಡಚಿ ಕೂರಬೇಕು, ಮಂಡಿ ನೋವಿದ್ದರೆ ಏಳುವಾಗ ಕಷ್ಟ. ಲೈಫ್ ಜಾಕೆಟ್ ಕೇಳಿ ಹಾಕಿಸಿಕೊಳ್ಳಿ, ಮಗುವಿಗೆ ಮೊದಲು. ಕೊಡಲಿಲ್ಲ ಅಂದರೆ ಆ ದೋಣಿ ಹತ್ತಬೇಡಿ. ನಮ್ಮವರೇ ಆದರೂ ಹೇಳುತ್ತೇನೆ.

ಕೈ ತೊಳೆಯಲು ಹೊಳೆಗೆ ಇಳಿಯಬೇಡಿ. ಮೇಲೆ ನೀರು ಸುಮ್ನೆ ನಿಂತ ಹಾಗೆ ಕಾಣುತ್ತದೆ, ಬಂಡೆ ಸಂದಿಯಲ್ಲಿ ಸುಳಿ ಇರುತ್ತದೆ. ಡ್ಯಾಂನಿಂದ ಜಾಸ್ತಿ ನೀರು ಬಿಟ್ಟರೆ ದೋಣಿ ಪೂರ್ತಿ ಬಂದ್. ಇದು ಹೆಚ್ಚಾಗಿ ಮಳೆಗಾಲದ ಮಾತು, ಆದರೂ ಹೊರಡುವ ದಿನ ಬೆಳಿಗ್ಗೆ ಒಮ್ಮೆ ಕೇಳಿಕೊಳ್ಳಿ.

ಇನ್ನೊಂದು. ತಿಂದ ಪ್ಲಾಸ್ಟಿಕ್, ಕಾಗದ ದಯವಿಟ್ಟು ಹೊಳೆಗೆ ಹಾಕಬೇಡಿ. ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆ ಅಂತ ಮೀಸಲು ಮಾಡಿದ್ದಾರೆ. ಬೆಳಗಿನ ಜಾವ ತಲೆ ಎತ್ತಿ ನೋಡುತ್ತವೆ. ಅವು ಇರುವ ತನಕ ನಮ್ಮ ಹೊಳೆ ಚೆನ್ನಾಗಿದೆ ಅಂತ ಅಪ್ಪ ಹೇಳುತ್ತಾರೆ.

ರಾಯಚೂರಿನಿಂದ:

ನನ್ನ ಅನುಭವ ಕೃಷ್ಣಾ ಹೊಳೆಯದು. ಕುರವಪುರದ ಶ್ರೀಪಾದ ಶ್ರೀವಲ್ಲಭರ ದರ್ಶನಕ್ಕೆ ದಾಟುವಾಗ ದಡದಲ್ಲಿ ಹೋಟೆಲ್ ಸಿಗುತ್ತದೆ ಅಂತ ಬರಿಗೈಲಿ ಹೋಗಿ ಉಪವಾಸ ಕೂತೆವು. ಪಕ್ಕದಲ್ಲಿ ಕೂತಿದ್ದ ಅಜ್ಜಿ ತಮ್ಮ ಬುತ್ತಿ ಬಿಚ್ಚಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕೊಟ್ಟರು. "ಹೊಳಿ ದಾಟೋರು ಬುತ್ತಿ ಇಲ್ದ ಬರ್ತಾರೇನವ್ವ?" ಅಂದರು. ಅವತ್ತಿನಿಂದ ನಾನು ಬುತ್ತಿ ಇಲ್ಲದೆ ಯಾವ ಹೊಳೆಯ ಹತ್ತಿರವೂ ಹೋಗಿಲ್ಲ. ಅದರಲ್ಲಿ ಇಬ್ಬರಿಗಾಗುವಷ್ಟು ಜಾಸ್ತಿಯೇ ಇರುತ್ತದೆ.

ಸಿಂಧನೂರಿನಿಂದ ಮತ್ತೆ:

ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ರೊಟ್ಟಿ ಬುತ್ತಿ ತಾವೇ ಕಟ್ಟುತ್ತಾರಂತೆ. ಘಟ್ಟದಲ್ಲಿ ಮಿರ್ಚಿ ಬೇಕೇ ಬೇಕು ಅಂತ ಮಗಳ ಹಟ. ದೋಣಿ ವಿಚಾರಿಸುವ ಕೆಲಸ ನಮ್ಮ ಯಜಮಾನರದು. ಅತ್ತೆಯದು ಒಂದೇ ಪ್ರಶ್ನೆ ಉಳಿದಿದೆ: ಮೆಟ್ಟಿಲಿನಿಂದ ದೋಣಿಗೆ ಹತ್ತುವಾಗ ಹಿಡಿದುಕೊಳ್ಳಲು ಏನಾದರೂ ಇದೆಯಾ?

ಹರಿಗೋಲು ಹಾಕುವ ಮನೆಯ ಹುಡುಗ:

ನಮ್ಮ ಕೈ ಇದೆ ಅಕ್ಕಾರೆ. ಇಬ್ಬರು ಹಿಡಿದು ಹತ್ತಿಸುತ್ತೇವೆ. ಚಪ್ಪಲಿ ಬಿಚ್ಚಿ ಚೀಲದಲ್ಲಿ ಇಟ್ಟುಕೊಳ್ಳಲು ಹೇಳಿ, ಒದ್ದೆ ಕಲ್ಲು ಜಾರುತ್ತದೆ.