ಸಹಾಯ ಬೇಕು: ದೇವರಿಗೆ ಒಪ್ಪಿಸಿಬಿಡು ಅಂದರೆ ನಿಜವಾಗಿ ಏನು ಮಾಡಬೇಕು?

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು. ಕೆಲಸ ಹೋಗಿ ಏಳು ತಿಂಗಳಾಯಿತು. ಮನೆ ಸಾಲದ ಕಂತು ಬಾಕಿ ಇದೆ, ಮಗಳ ಫೀಸ್ ಕಟ್ಟಬೇಕು. ಸಭೆಯಲ್ಲಿ ಯಾರನ್ನು ಕೇಳಿದರೂ "ದೇವರಿಗೆ ಒಪ್ಪಿಸಿಬಿಡಿ, ಮೊದಲು ಆತನ ರಾಜ್ಯವನ್ನು ಹುಡುಕಿ" ಅನ್ನುತ್ತಾರೆ.

ಉಪವಾಸ ಮಾಡಿದೆ. ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥನೆ ಮಾಡಿದೆ. ಬೈಬಲ್‌ನಲ್ಲಿ ಚಿಂತೆ ಮಾಡಬೇಡಿ, ಮೊದಲು ದೇವರ ರಾಜ್ಯ ಹುಡುಕಿ ಅನ್ನೋ ಮತ್ತಾಯ 6ನೇ ಅಧ್ಯಾಯ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಮ್ಮ ಪಾಸ್ಟರ್ ಹತ್ತಿರ ಕೇಳಿದರೆ, ಚಿಂತೆ ಮಾಡುವುದೇ ಅಪನಂಬಿಕೆ ಅಂದರು. ಅಲ್ಲಿಂದ ತಲೆ ಇನ್ನೂ ಜಾಸ್ತಿ ಕೆಟ್ಟಿದೆ. ಆಕಾಶದ ಹಕ್ಕಿಗಳನ್ನು ನೋಡಿ ಅಂತ ಅಲ್ಲಿದೆ ಸರಿ, ಆದರೆ ಹಕ್ಕಿಯೂ ಬೆಳಿಗ್ಗೆ ಗೂಡು ಬಿಟ್ಟು ಕಾಳು ಹುಡುಕೋಕೆ ಹೋಗುತ್ತೆ ಅಲ್ವಾ?

ನನ್ನ ಗೊಂದಲ ಇಲ್ಲೇ ಇರೋದು. ರಾತ್ರಿ "ನಿನ್ನ ಚಿತ್ತದಂತೆ ಆಗಲಿ" ಅಂತೇನೆ, ಬೆಳಿಗ್ಗೆ ಮತ್ತೆ ಹತ್ತು ಕಂಪನಿಗೆ ಅರ್ಜಿ ಹಾಕಿ, ಅದೇ ಕೆಲಸ ಸಿಗಲಿ ಅಂತ ಬೇಡಿಕೊಳ್ಳುತ್ತೇನೆ. ಹಾಗಾದರೆ ನಾನು ಒಪ್ಪಿಸಿದ್ದು ಸುಮ್ನೆ ಬಾಯಿಮಾತಾ? ಆದರೆ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ಅನ್ನೋ ಜಾಗದಲ್ಲಿ ಯೇಸುಸ್ವಾಮಿಯೇ, ಈ ಕಷ್ಟ ನನ್ನಿಂದ ದಾಟಿಹೋಗಲಿ, ಆದರೂ ನಿನ್ನ ಚಿತ್ತದಂತೆ ಆಗಲಿ ಅಂತ ಅದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದರು ಅಂತ ಮತ್ತಾಯ 26ರಲ್ಲಿದೆ.

ಇನ್ನು ರಾಜ್ಯದ ವಿಷಯ. ಲೂಕ 17:21ರಲ್ಲಿ ದೇವರ ರಾಜ್ಯ ಎಲ್ಲಿದೆ ಅಂತ ಹೇಳುವ ಗ್ರೀಕ್ ಪದಕ್ಕೆ "ನಿಮ್ಮೊಳಗೆ" ಅಂತಲೂ "ನಿಮ್ಮ ಮಧ್ಯದಲ್ಲಿ" ಅಂತಲೂ ಅರ್ಥ ಮಾಡುತ್ತಾರೆ. ನಾವು ಪ್ರಾರ್ಥನೆಯಲ್ಲಿ ಹೇಳೋದು ಮಾತ್ರ "ನಿನ್ನ ರಾಜ್ಯ ಬರಲಿ" ಅಂತ. ಈಗಾಗಲೇ ಇದೆಯೋ, ಇನ್ನು ಬರಬೇಕೋ?

ದಯವಿಟ್ಟು ಬರೀ ವಚನ ಕಳಿಸಬೇಡಿ, ವಚನಗಳು ನನ್ನ ಹತ್ತಿರವೂ ಇವೆ. ಇಂಥ ಕಷ್ಟ ದಾಟಿ ಬಂದವರು ಹೇಳಿ: ಒಪ್ಪಿಸಿದ ಮೇಲೂ ನೀವು ಕೆಲಸ ಹುಡುಕುತ್ತಾ, ಅದನ್ನೇ ಕೇಳುತ್ತಾ ಇದ್ರಾ? ಮೊದಲು ರಾಜ್ಯವನ್ನು ಹುಡುಕೋದು ಅಂದರೆ ನಿಮ್ಮ ದಿನದಲ್ಲಿ ಏನು ಬದಲಾಯಿತು?